ಗಜ್ಜುಗದ ಬೀಜ ತೇಲಿದರೆ ಬಿಸಾಡಬೇಡಿ

ಮಳೆಗಾಲ ಹತ್ತಿರ ಬಂತೆಂದರೆ ಗಜ್ಜುಗದ ಬಗ್ಗೆ ಅವೇ ಪ್ರಶ್ನೆಗಳು. ಪ್ರಶ್ನೆ ನನ್ನ ತನಕ ಬರುವಷ್ಟರಲ್ಲಿ ಒಳ್ಳೆ ಬೀಜ ಕಸಕ್ಕೆ ಹೋಗಿರುತ್ತದೆ, ಇಲ್ಲವೇ ಯಾರದ್ದೋ ಮಾತು ಕೇಳಿ ಪುಡಿಯಾಗಿ ಹೊಟ್ಟೆಗೆ ಹೋಗಿರುತ್ತದೆ. ಎರಡೂ ನನಗೆ ಸಿಟ್ಟು ತರಿಸುವ ವಿಷಯ. ಗಿಡ ಹೇಗಿರುತ್ತದೆ ಅಂತ ಇಲ್ಲಿ ವಿವರಿಸುವುದಿಲ್ಲ. ಬೂದು ಬಣ್ಣದ ಗಟ್ಟಿ ಬೀಜ ಬಿಡುವ, ಮಲಯಾಳದಲ್ಲಿ ಕಳಂಜಿ ಅನ್ನುವ ಅದೇ ಮುಳ್ಳಿನ ಗಿಡ, ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ.

ಪ್ರಶ್ನೆ: ಮಂಜೇಶ್ವರದಲ್ಲಿ ಕಡಲ ಬದಿ ನಮ್ಮ ಜಾಗ. ಗಜ್ಜುಗದ ಬೇಲಿ ಮಾಡಬೇಕೆಂದು ಬೀಜ ತಂದು ನೀರಿಗೆ ಹಾಕಿದೆ. ಹೆಚ್ಚಿನವು ತೇಲಿದವು, ಬಿಸಾಡಿದೆ. ಮುಳುಗಿದ್ದನ್ನು ನೆಟ್ಟು ಹೋದ ವರ್ಷದಿಂದ ಕಾಯುತ್ತಿದ್ದೇನೆ. ಒಂದೂ ಮೊಳೆತಿಲ್ಲ. ಬೀಜವೇ ಹಾಳಾ?

ಬೀಜ ಹಾಳಲ್ಲ, ನಿಮಗೆ ಸಿಕ್ಕಿದ ಸಲಹೆ ಹಾಳು. ತೇಲುವ ಬೀಜ ಪೊಳ್ಳು ಅನ್ನುವುದು ಭತ್ತಕ್ಕೆ ಸರಿ. ಅದನ್ನೇ ಎಲ್ಲದಕ್ಕೂ ಹೇಳಿಕೊಂಡು ಬರುವವರಿದ್ದಾರಲ್ವಾ, ಅವರಿಂದಲೇ ಈ ತೊಂದರೆ. ಗಜ್ಜುಗದ ಬೀಜದ ಒಳಗೆ ಗಾಳಿ ತುಂಬಿದ ಖಾಲಿ ಜಾಗ ಇರುತ್ತದೆ, ಹಾಗಾಗಿ ತೇಲುತ್ತದೆ. ಹಾಗೆ ತೇಲಿಯೇ ಅದು ಸಮುದ್ರ ದಾಟಿ ಉಷ್ಣ ನಾಡುಗಳ ಕರಾವಳಿಯುದ್ದಕ್ಕೂ ಹರಡಿದ್ದು. ಅಟ್ಲಾಂಟಿಕ್ ಸಾಗರದ ಹರಿವಿಗೆ ಸಿಕ್ಕಿ ಸ್ಕಾಟ್‌ಲೆಂಡ್, ನಾರ್ವೆ ದಡಕ್ಕೂ ಹೋಗಿ ಬೀಳುತ್ತದೆ. ಅಲ್ಲಿನ ಚಳಿಯಲ್ಲಿ ಗಿಡ ಬದುಕುವುದಿಲ್ಲ, ಆದರೆ ಬೀಜ ಮಾತ್ರ ಉಪ್ಪುನೀರಲ್ಲಿ ಅಷ್ಟು ದೂರ ಹೋದರೂ ಕೊಳೆಯದೆ ಇರುತ್ತದೆ. ಮುಳುಗಿದ್ದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಒಟ್ಟಿನಲ್ಲಿ ಈ ಗಿಡಕ್ಕೆ ನೀರಿನ ಪರೀಕ್ಷೆಯೇ ಬೇಡ.

ಮೊಳೆಯದ್ದಕ್ಕೆ ಕಾರಣ ಬೇರೆ. ಆ ಬೂದು ಬಣ್ಣದ ಚಿಪ್ಪು ಒಂದು ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಒಳಗಿನ ಜೀವ ಚೆನ್ನಾಗಿಯೇ ಇದೆ, ನೀರು ಮುಟ್ಟದೆ ಏಳುವುದಿಲ್ಲ ಅಷ್ಟೆ. ಮರಳಲ್ಲಿ ಉರುಳಿ, ಬಿಸಿಲಿಗೆ ಕಾದು, ಚಿಪ್ಪು ಸವೆದು ನೀರು ಒಳಗೆ ಹೋಗಲು ವರ್ಷಗಟ್ಟಲೆ ಬೇಕಾಗಬಹುದು. ನಿಮಗೆ ಅಷ್ಟು ತಾಳ್ಮೆ ಇಲ್ಲದಿದ್ದರೆ ಚಿಪ್ಪನ್ನು ನೀವೇ ಸವೆಸಬೇಕು.

ಬೀಜ ಕಾಯಿಗೆ ಅಂಟಿಕೊಂಡಿದ್ದ ಕಡೆ ಒಂದು ಸಣ್ಣ ಕಲೆ ಕಾಣುತ್ತದೆ. ಆ ಬದಿ ಮುಟ್ಟಬೇಡಿ, ಮೊಳಕೆಯ ತುದಿ ಅಲ್ಲೇ ಹತ್ತಿರ ಇರುತ್ತದೆ. ಅದಕ್ಕೆ ಎದುರಿನ ಬದಿಯನ್ನು ಅರದಲ್ಲೋ ಒರಟು ಕಲ್ಲಿನಲ್ಲೋ ಉಜ್ಜಿ. ಮಕ್ಕಳು ಇದನ್ನು ನೆಲಕ್ಕೆ ಉಜ್ಜಿ ಪಕ್ಕದವರಿಗೆ ಬಿಸಿ ಮುಟ್ಟಿಸುತ್ತಾರಲ್ಲ, ಅದೇ ಕೆಲಸ, ಆದರೆ ಬಿಸಿ ಏರದ ಹಾಗೆ ನಿಲ್ಲಿಸಿ ನಿಲ್ಲಿಸಿ ಉಜ್ಜಬೇಕು. ಒಳಗಿನ ಬಿಳಿ ಬಣ್ಣ ಕಾಣಲು ಶುರುವಾದ ಕೂಡಲೇ ಸಾಕು. ಆಮೇಲೆ ಒಂದು ದಿನ ಸಾದಾ ನೀರಲ್ಲಿ ನೆನೆಸಿ. ನೀರು ಹೀರಿದ ಬೀಜ ಕಣ್ಣಿಗೆ ಕಾಣುವ ಹಾಗೆ ಉಬ್ಬುತ್ತದೆ. ಉಬ್ಬದಿದ್ದರೆ ಇನ್ನೂ ಸ್ವಲ್ಪ ಉಜ್ಜಿ ಮತ್ತೆ ನೆನೆಸಿ. ಉಬ್ಬಿದ್ದನ್ನು ಮರಳು ಬೆರೆಸಿದ ಮಣ್ಣಿನ ತೊಟ್ಟೆಯಲ್ಲಿ ಊರಿದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಏಳುತ್ತದೆ.

ಬ್ಯಾಟರಿ ಆ್ಯಸಿಡ್‌ನಲ್ಲಿ ಅದ್ದಿ ತೆಗೆಯಿರಿ ಅಂತ ಹೇಳುವವರ ಮಾತು ದಯವಿಟ್ಟು ಕೇಳಬೇಡಿ. ಪ್ರಯೋಗಶಾಲೆಯಲ್ಲಿ ಆಮ್ಲ ಬಳಸುತ್ತಾರೆ ನಿಜ, ಅವರಿಗೆ ಅದರ ತರಬೇತಿ ಇದೆ. ಹತ್ತು ಬೀಜಕ್ಕೋಸ್ಕರ ಮಕ್ಕಳು ಓಡಾಡುವ ಅಂಗಳಕ್ಕೆ ಆ್ಯಸಿಡ್ ತರುವುದು ಬುದ್ಧಿವಂತಿಕೆ ಅಲ್ಲ.

ಸಸಿಯನ್ನು ಮಳೆ ಹಿಡಿದ ಮೇಲೆ ನೆಡಿ, ಸಸಿಯಿಂದ ಸಸಿಗೆ ಮೂರು ನಾಲ್ಕು ಅಡಿ ಇರಲಿ. ನೆಡುವ ಮೊದಲು ಯೋಚನೆ ಮಾಡಿ. ಇದು ನಿಂತಲ್ಲಿ ನಿಲ್ಲುವ ಗಿಡ ಅಲ್ಲ. ಎಲೆಯ ದಂಟಿನಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆ ಮುಳ್ಳು ಇರುತ್ತದೆ, ಅದನ್ನು ಸಿಕ್ಕಿಸಿಕೊಂಡು ಪಕ್ಕದ ಮರದ ಮೇಲೆ ಏರಿಬಿಡುತ್ತದೆ. ತೆಂಗು, ಕಂಗಿನ ಬುಡಕ್ಕೆ ಬಂದರೆ ಕಾಯಿ ಕೊಯ್ಯುವವರು ಹತ್ತಿರ ಬರುವುದಿಲ್ಲ. ಬಾವಿ ಕಟ್ಟೆ, ನಡೆಯುವ ದಾರಿ, ಶಾಲೆಯ ಪಕ್ಕ ನೆಡಲೇಬೇಡಿ. ವರ್ಷಕ್ಕೊಮ್ಮೆ ದಪ್ಪ ಚರ್ಮದ ಕೈಗವಸು ಹಾಕಿ ಸವರಲು ಆಗುವವರು ಮಾತ್ರ ಇದನ್ನು ಬೆಳೆಸಿ. ದನ, ಆಡು ಒಳಗೆ ಬರದ ಹಾಗೆ ಚೆನ್ನಾಗಿ ತಡೆಯುತ್ತದೆ. ಬುಡದಲ್ಲಿ ನುಗ್ಗುವ ಕಾಡುಹಂದಿಗೆ ಇದೊಂದನ್ನೇ ನಂಬಬೇಡಿ.

ಇನ್ನೊಂದು. ಗಜ್ಜುಗ ನೆಟ್ಟರೆ ಕಡಲ್ಕೊರೆತ ನಿಲ್ಲುತ್ತದೆ ಅಂತ ಉಪ್ಪಳ, ಕುಂಬಳೆ ಕಡೆಯವರೂ ಕೇಳುತ್ತಾರೆ. ನಿಲ್ಲುವುದಿಲ್ಲ. ಅಲೆ ಬಡಿಯುವ ಗೆರೆಯಿಂದ ಮೇಲೆ, ಒಣ ಮರಳಿನಲ್ಲಿ, ಗಾಳಿಗೆ ಹಾರುವ ಮರಳನ್ನು ಈ ಪೊದೆ ಹಿಡಿಯುತ್ತದೆ. ಅದೂ ದೊಡ್ಡ ಉಪಕಾರವೇ. ಹಾಗಾಗಿ ತಾನಾಗಿ ಬೆಳೆದಿರುವ ಪೊದೆಯನ್ನು ಚಂದ ಕಾಣಲಿ ಅಂತ ಜೆಸಿಬಿ ತಂದು ಕೀಳಿಸಬೇಡಿ. ಆದರೆ ತೆಂಗಿನ ಮರವನ್ನೇ ಬುಡಸಮೇತ ಎಳೆದುಕೊಂಡು ಹೋಗುವ ಆಷಾಢದ ಕಡಲಿಗೆ ಈ ಗಿಡ ಅಡ್ಡ ನಿಲ್ಲಲಾರದು.

ಪ್ರಶ್ನೆ: ದ್ವಿದಳ ಜಾತಿ ಅಲ್ವಾ, ತೋಟಕ್ಕೆ ಗೊಬ್ಬರ ಆಗುತ್ತದಾ?

ಅದನ್ನು ನಂಬಬೇಡಿ. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ಗಂಟು ಇದರ ಹತ್ತಿರದ ಬಳಗದ ಹೆಚ್ಚಿನ ಗಿಡಗಳ ಬೇರಿನಲ್ಲಿ ಕಟ್ಟುವುದಿಲ್ಲ. ಗೊಬ್ಬರಕ್ಕೆ ಸೊಪ್ಪು ಬೇಕಾದರೆ ಗ್ಲಿರಿಸಿಡಿಯಾ ಮರ ನೆಡಿ.

ಪ್ರಶ್ನೆ: ಬೀಜದ ಪುಡಿ ತಿಂದರೆ ಪಿಸಿಒಡಿ (ಹೆಂಗಸರ ಅಂಡಾಶಯದ ತೊಂದರೆ), ಸಕ್ಕರೆ ಕಾಯಿಲೆ ಎರಡೂ ಗುಣ ಆಗುತ್ತದಂತೆ. ದಿನಕ್ಕೆ ಎಷ್ಟು ಚಮಚ? ಜ್ವರಕ್ಕೂ ಕೊಡಬಹುದಾ?

ಒಂದು ಚಮಚವೂ ಬೇಡ. ಸಕ್ಕರೆ ಇಳಿಯುತ್ತದೆ ಅನ್ನುವುದಕ್ಕೆ ತೋರಿಸುವ ಪರೀಕ್ಷೆಗಳು ಹೆಚ್ಚಿನವು ಇಲಿಗಳ ಮೇಲೆ ಮಾಡಿದವು. ಈಗಾಗಲೇ ಸಕ್ಕರೆಯ ಮಾತ್ರೆ ತಿನ್ನುವವರು ಇದನ್ನೂ ಸೇರಿಸಿ, ಸಕ್ಕರೆ ಜಾಸ್ತಿ ಇಳಿದು ತಲೆ ತಿರುಗಿ ಬಿದ್ದರೆ ಪುಡಿ ಮಾರಿದವನು ಬರುತ್ತಾನಾ? ಗರ್ಭಿಣಿಯರು, ಮಗು ಬೇಕೆಂದು ಕಾಯುತ್ತಿರುವವರು ಮುಟ್ಟಲೇಬಾರದು. ಆಯುರ್ವೇದದಲ್ಲಿ ಲತಾಕರಂಜ ಅಂತ ಬಳಸುತ್ತಾರೆ, ಅದು ಓದಿದ, ನೋಂದಣಿ ಇರುವ ವೈದ್ಯರು ನಿಮ್ಮನ್ನು ಕೂರಿಸಿ ನೋಡಿ ಕೊಡಬೇಕಾದದ್ದು. 1868ರ ಭಾರತದ ಔಷಧ ಸಂಹಿತೆಯಲ್ಲೂ ಇದು ಜ್ವರದ ಮದ್ದಾಗಿ ಇತ್ತು ಎಂದು ವಾದ ಮಾಡುವವರಿಗೆ ನನ್ನ ಉತ್ತರ: ಜ್ವರ ಯಾವುದೆಂದು ತಿಳಿಸುವ ರಕ್ತ ಪರೀಕ್ಷೆ ಆಗ ಇರಲಿಲ್ಲ, ಈಗ ಇದೆ. ಮಲೇರಿಯಾ, ಡೆಂಗಿ, ಇಲಿಜ್ವರ ಮೂರೂ ಇರುವ ನಮ್ಮ ಊರಲ್ಲಿ ಕಹಿ ಪುಡಿ ನೆಕ್ಕಿಕೊಂಡು ಎರಡು ದಿನ ಕಳೆಯುವುದು ಜೀವಕ್ಕೇ ಅಪಾಯ.

ಪ್ರಶ್ನೆ: ಗಜ್ಜುಗದ ಬೀಜವನ್ನೇ ಕುಬೇರಾಕ್ಷಿ ಅಂತ ದುಡ್ಡು ಕೊಟ್ಟು ತಂದೆ. ತಿಜೋರಿಯಲ್ಲಿ ಯಾವ ದಿಕ್ಕಿಗೆ ಇಡಬೇಕು?

ಉಜ್ಜಿ, ನೆನೆಸಿ, ಮಣ್ಣಲ್ಲಿಡಿ.

ಪ್ರಶ್ನೆ: ಗಜ್ಜುಗ, ಗುಲಗಂಜಿ ಎರಡೂ ಒಂದೇನಾ? ಮಕ್ಕಳು ಆಟಕ್ಕೆ ಹೆಕ್ಕಿ ತರುತ್ತಾರೆ.

ಅಲ್ಲ. ಗುಲಗಂಜಿ ಕೆಂಪು, ತಲೆಯಲ್ಲಿ ಕಪ್ಪು ಚುಕ್ಕೆ, ಮತ್ತು ಅದು ಕಡು ವಿಷ. ಮಗು ಅದನ್ನು ಜಗಿದಿದ್ದರೆ, ನುಂಗಿದ್ದರೆ, ಮನೆಮದ್ದು ಮಾಡುತ್ತಾ ಕೂರಬೇಡಿ. ವಾಂತಿ ಆಗಲಿ ನೋಡೋಣ ಅಂತ ಕಾಯುವುದೂ ಬೇಡ, ಮಗು ಆರಾಮಾಗಿ ಆಡುತ್ತಿದ್ದರೂ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದ ಬೀಜ ಇದ್ದರೆ ಡಾಕ್ಟರಿಗೆ ತೋರಿಸಲು ಒಂದನ್ನು ಜೊತೆಗೆ ಒಯ್ಯಿರಿ.