ವರುಣಾ ಕ್ಷೇತ್ರದ ಹೆಸರು 2008ಕ್ಕಿಂತ ಹಿಂದಿನ ಚುನಾವಣೆಗಳಲ್ಲಿ ಯಾಕೆ ಸಿಗುವುದಿಲ್ಲ? ನಮ್ಮೂರಿನ ಹಳೆಯ ಶಾಸಕರ ಪಟ್ಟಿ ಮಾಡುವುದು ಹೇಗೆ?

2008ಕ್ಕೆ ಮೊದಲು ಆ ಹೆಸರಿನ ವಿಧಾನಸಭಾ ಕ್ಷೇತ್ರವೇ ಇರಲಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗ 2001ರ ಜನಗಣತಿ ಆಧರಿಸಿ ಗಡಿ ಬದಲಿಸಿದಾಗ ಅದು ಹುಟ್ಟಿತು. ರಾಜ್ಯದ ಒಟ್ಟು ಸ್ಥಾನ 224 ಎಂಬುದನ್ನು ಮುಟ್ಟುವಂತಿರಲಿಲ್ಲ. ಮೈಸೂರು ಜಿಲ್ಲೆಯ 11 ಸ್ಥಾನಗಳೂ ಹನ್ನೊಂದೇ ಉಳಿದವು. ಪಟ್ಟಿಯಿಂದ ಬನ್ನೂರು ಹೋಯಿತು, ವರುಣಾ ಬಂತು. ಹಾಗೆಂದು ಬನ್ನೂರಿಗೇ ವರುಣಾ ಎಂದು ಹೆಸರಿಟ್ಟರು ಅಂದುಕೊಳ್ಳಬೇಡಿ. ಮೈಸೂರು, ನಂಜನಗೂಡು, ತಿ. ನರಸೀಪುರ ಮೂರೂ ತಾಲ್ಲೂಕುಗಳ ಹಳ್ಳಿಗಳನ್ನು ಸೇರಿಸಿ ಮಾಡಿದ ಕ್ಷೇತ್ರ ಇದು.

ಆದ್ದರಿಂದ ‘ವರುಣಾದ ಹಳೆಯ ಶಾಸಕರು’ ಎಂಬ ಒಂದೇ ಪಟ್ಟಿ ಮಾಡಲು ಬರುವುದಿಲ್ಲ, ನಿಮ್ಮ ಊರಿನ ಪಟ್ಟಿ ಮಾಡಬಹುದು. ಮೊದಲು ಪಹಣಿ ನೋಡಿ ಊರಿನ ಹೋಬಳಿ ಯಾವುದೆಂದು ಬರೆದಿಟ್ಟುಕೊಳ್ಳಿ. ಪುನರ್ವಿಂಗಡಣಾ ಆದೇಶಗಳಲ್ಲಿ ಕ್ಷೇತ್ರದ ವ್ಯಾಪ್ತಿಯನ್ನು ಹೇಳುವುದು ತಾಲ್ಲೂಕು, ಹೋಬಳಿ, ಅದಕ್ಕೂ ಕೆಳಗಿನ ವೃತ್ತಗಳ ಹೆಸರಿನಲ್ಲಿ. 2008ರ ಆದೇಶದಲ್ಲಿ 219ನೇ ಕ್ಷೇತ್ರವಾದ ವರುಣಾದಡಿ ನಿಮ್ಮ ಹೋಬಳಿ ಇದೆಯೇ ನೋಡಿ, ಆಮೇಲೆ 1976ರ ಆದೇಶದಲ್ಲಿ ಅದೇ ಹೋಬಳಿ ಎಲ್ಲಿತ್ತು ಎಂದು ಹುಡುಕಿ. 1978ರಿಂದ 2004ರವರೆಗಿನ ಏಳೂ ಚುನಾವಣೆ ನಡೆದದ್ದು ಆ 1976ರ ಗಡಿಯಲ್ಲೇ. ಇದೊಂದು ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಸಂಖ್ಯೆಯನ್ನು ಮಾತ್ರ ನಂಬಬೇಡಿ: 2004ರವರೆಗೆ 1ನೇ ಕ್ಷೇತ್ರ ಔರಾದ್, ಈಗ ನಿಪ್ಪಾಣಿ, ಎಣಿಕೆಯೇ ಬೇರೆ.

ನಿಮ್ಮ ಊರು ಮೊದಲು ಪಕ್ಕದ ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಇದ್ದಿದ್ದರೆ 1983ರಿಂದ ಪಟ್ಟಿ ಹೀಗಿರುತ್ತದೆ. 1983, 1985ರಲ್ಲಿ ಸಿದ್ದರಾಮಯ್ಯ, 1989ರಲ್ಲಿ ಎಂ. ರಾಜಶೇಖರಮೂರ್ತಿ, 1994ರಲ್ಲಿ ಮತ್ತೆ ಸಿದ್ದರಾಮಯ್ಯ, 1999ರಲ್ಲಿ ಎ.ಎಸ್. ಗುರುಸ್ವಾಮಿ, 2004ರಲ್ಲಿ ಜೆಡಿಎಸ್‌ನಿಂದ ಸಿದ್ದರಾಮಯ್ಯ. ಇಲ್ಲೇ ಬಹಳ ಜನ ಎಡವುತ್ತಾರೆ. ಚುನಾವಣಾ ಆಯೋಗದ ಸಾರ್ವತ್ರಿಕ ಚುನಾವಣಾ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ. 2006ರ ಡಿಸೆಂಬರ್‌ನಲ್ಲಿ ಸಿದ್ದರಾಮಯ್ಯ ಕಾಂಗ್ರೆಸ್ಸಿನಿಂದ ನಿಂತು ಕೇವಲ 257 ಮತಗಳಿಂದ ಗೆದ್ದದ್ದು ಅಲ್ಲಿ ಕಾಣದು. ಅಷ್ಟನ್ನೇ ನಂಬಿದರೆ 2008ರವರೆಗೂ ಆ ಕ್ಷೇತ್ರ ಜೆಡಿಎಸ್ ಕೈಯಲ್ಲಿತ್ತು ಎಂದು ಬರೆದುಬಿಡುತ್ತೀರಿ. ಉಪಚುನಾವಣೆಗಳ ಫಲಿತಾಂಶವನ್ನು ಬೇರೆಯಾಗಿಯೇ ಹುಡುಕಬೇಕು.

2008ರ ನಂತರದ್ದು ಸುಲಭ. 2008, 2013ರಲ್ಲಿ ವರುಣಾದಿಂದ ಸಿದ್ದರಾಮಯ್ಯ. 2018ರಲ್ಲಿ ಅವರು ಚಾಮುಂಡೇಶ್ವರಿಗೆ ಮರಳಿ ಜಿ.ಟಿ. ದೇವೇಗೌಡರೆದುರು ಸೋತರು, ವರುಣಾದಲ್ಲಿ ಮಗ ಯತೀಂದ್ರ ಗೆದ್ದರು. 2023ರಲ್ಲಿ ಮತ್ತೆ ಸಿದ್ದರಾಮಯ್ಯ, ವಿ. ಸೋಮಣ್ಣ ವಿರುದ್ಧ 46,163 ಮತಗಳ ಅಂತರ.

ಪ್ರಾತಿನಿಧ್ಯದ ಮಟ್ಟಿಗೆ ಗಡಿ ಬದಲಾವಣೆ ಎಷ್ಟು ದೊಡ್ಡದು ಎನ್ನುವುದಕ್ಕೆ ನಂಜನಗೂಡು ತಾಲ್ಲೂಕನ್ನೇ ನೋಡಿ. 2008ರಲ್ಲಿ ನಂಜನಗೂಡು ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅದೇ ತಾಲ್ಲೂಕಿನ ಯಾವ ಹಳ್ಳಿಗಳು ವರುಣಾಕ್ಕೆ ಸೇರಿದವೋ ಅವು ಸಾಮಾನ್ಯ ಕ್ಷೇತ್ರದಲ್ಲಿವೆ. ತಹಶೀಲ್ದಾರ್ ಕಚೇರಿ ಒಂದೇ, ಶಾಸಕರು ಇಬ್ಬರು. ತಾಲ್ಲೂಕಿನ ಹೆಸರು ನೋಡಿ ಶಾಸಕರು ಯಾರೆಂದು ಹೇಳಿದರೆ ತಪ್ಪಾಗುವುದು ಇದಕ್ಕೇ. ಸಂಸದರ ವಿಷಯದಲ್ಲೂ ಹಾಗೆಯೇ: ವರುಣಾ ಇರುವುದು ಮೈಸೂರು ಜಿಲ್ಲೆಯಲ್ಲಿ, ಆದರೆ ಸೇರುವುದು ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ. ಪಕ್ಕದ ಚಾಮುಂಡೇಶ್ವರಿ ಮೈಸೂರು ಲೋಕಸಭಾ ಕ್ಷೇತ್ರದ್ದು.

1978ಕ್ಕಿಂತ ಹಿಂದೆ ಹೋಗುವುದಾದರೆ ‘ಕರ್ನಾಟಕ’ ಎಂದು ಹುಡುಕಬೇಡಿ. 1972ರವರೆಗಿನ ವರದಿಗಳು ಮೈಸೂರು ರಾಜ್ಯದ ಹೆಸರಿನಲ್ಲಿವೆ. ಆಗ ಸದನದ ಗಾತ್ರವೂ ಬೇರೆ: 1952ರಲ್ಲಿ 99 ಸ್ಥಾನ, 1957 ಮತ್ತು 1962ರಲ್ಲಿ 208, 1967 ಮತ್ತು 1972ರಲ್ಲಿ 216. 1952, 1957ರಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬರು ಸದಸ್ಯರು ಆಯ್ಕೆಯಾಗುತ್ತಿದ್ದರು. ಒಂದೇ ಕ್ಷೇತ್ರದೆದುರು ಎರಡು ಹೆಸರು ಕಂಡರೆ ಅಚ್ಚಿನ ತಪ್ಪೆಂದು ಒಂದನ್ನು ಬಿಡಬೇಡಿ, ಎರಡನ್ನೂ ಬರೆದುಕೊಳ್ಳಿ.

ಊರು ಮತ್ತು ಹೋಬಳಿಯ ಹೆಸರನ್ನು ಇಲ್ಲಿ ಕೆಳಗೆ ಹಾಕಿ. 1976ರ ಆದೇಶದಲ್ಲಿ ಅದು ಯಾವ ಕ್ಷೇತ್ರದಡಿ ಬರುತ್ತದೆಂದು ನೋಡಿ ತಿಳಿಸುತ್ತೇನೆ.