ತಲಪಾಡಿ ಈಚೆ ಹೊರಗಿನವರು ಬಂದ್ರೆ ಪೆಟ್ಟು ಬೀಳುದು ಯಾರಿಗೆ?

ನೀವು ಕೇಳಿದ್ದು, ಮಂಗ್ಳೂರು ಉಡುಪಿ ಕಡೆ ಬಿಹಾರ, ಬಂಗಾಳ, ಒಡಿಶಾದವರು ಇಷ್ಟೊಂದು ಬಂದ ಮೇಲೆ ಊರಿನ ಹುಡುಗರ ಕೆಲ್ಸ ಹೋಗ್ಲಿಲ್ವಾ, ಸಂಬಳ ಇಳಿಲಿಲ್ವಾ ಅಂತ. ನಮ್ಮ ಮನೆ ತೊಕ್ಕೊಟ್ಟಿನಿಂದ ಸ್ವಲ್ಪ ಮುಂದೆ, ತಲಪಾಡಿ ದಾಟಿದ್ರೆ ಕೇರಳ, ಹಾಗಾಗಿ ಇದು ನಾವು ದಿನಾ ನೋಡುವ ವಿಷ್ಯ.

ಮೊದ್ಲು ಊರು ಬಿಟ್ಟು ಹೋದವರು ನಮ್ಮವರೇ ಮಾರಾಯ್ರೆ. ಅಜ್ಜನ ಕಾಲದಲ್ಲಿ ಹೋಟೆಲ್ ಕೆಲ್ಸಕ್ಕೆ ಬೊಂಬಾಯಿ, ಆಮೇಲೆ ದುಬೈ, ಕುವೈಟ್, ಮಸ್ಕತ್ತು, ಈಗ ಡಿಗ್ರಿ ಆದ ಕೂಡ್ಲೇ ಬೆಂಗ್ಳೂರು. ಗಲ್ಫಿನ ದುಡ್ಡಲ್ಲಿ ಊರಲ್ಲಿ ಮನೆ ಎದ್ದಿತು, ಆದ್ರೆ ಕೆಂಪುಕಲ್ಲು ಹೊರ್ಲಿಕ್ಕೆ ಜನ ಇಲ್ಲ, ಆಗ ಬಂದವರು ಘಟ್ಟದ ಮೇಲಿನವರು, ಬಾಗಲಕೋಟೆ, ಗದಗ, ಕೊಪ್ಪಳದವರು, ಮಳೆ ಕೈಕೊಟ್ಟ ವರ್ಷ ಮಕ್ಕಳು ಮರಿ ಎಲ್ಲ ಕಟ್ಟಿಕೊಂಡು. ಅವರ ನಂತ್ರ ಬಂದದ್ದು ನೀವು ಹೇಳಿದ ಬಿಹಾರ, ಬಂಗಾಳ, ಒಡಿಶಾ ಕಡೆಯ ಉತ್ತರದವರು. ಮಲ್ಪೆ ಬಂದರಲ್ಲೂ ಅಷ್ಟೇ, ಬೋಟಿನ ಮಾಲಕ ಊರಿನವ, ಕಲಾಸಿಗಳಲ್ಲಿ, ಅಂದ್ರೆ ಬೋಟಲ್ಲಿ ದುಡಿಯುವವರಲ್ಲಿ, ಒಡಿಶಾ, ಆಂಧ್ರ, ಜಾರ್ಖಂಡಿನವರು ತುಂಬ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ ಅಲ್ವಾ, ಆಗ ಊರಿಗೆ ಹೋದವರು ತಿರುಗಿ ಬರುದು ತಡ ಆದ್ರೆ ಆಗಸ್ಟಲ್ಲಿ ಬೋಟು ಧಕ್ಕೆಯಲ್ಲೇ ನಿಲ್ತದೆ.

ಈ ಪ್ರಶ್ನೆಗೆ ಅಮೆರಿಕದ ಒಂದು ಪ್ರಸಿದ್ಧ ಅಧ್ಯಯನ ಉಂಟು, ನಂಗೆ ತುಂಬ ಇಷ್ಟ ಅದು. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಕೆಲವೇ ತಿಂಗಳಲ್ಲಿ ಸುಮಾರು 1.25 ಲಕ್ಷ ಜನ ಬೋಟಲ್ಲಿ ಅಮೆರಿಕಕ್ಕೆ ಬಂದ್ರು, ಅರ್ಧದಷ್ಟು ಜನ ಮಯಾಮಿಯಲ್ಲೇ ಉಳಿದ್ರು, ಆ ಊರಿನ ದುಡಿಯುವ ಜನ ಒಮ್ಮೆಲೇ ಶೇ. 7ರಷ್ಟು ಜಾಸ್ತಿ ಆಯ್ತು. ಡೇವಿಡ್ ಕಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞ ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್ ತರದ ಬೇರೆ ಊರುಗಳ ಜೊತೆ ಇಟ್ಟು ನೋಡಿ, ಕಮ್ಮಿ ಕಲಿತ ಸ್ಥಳೀಯರ ಸಂಬಳಕ್ಕಾಗ್ಲಿ ಕೆಲ್ಸಕ್ಕಾಗ್ಲಿ ಹೆಚ್ಚುಕಮ್ಮಿ ಏನೂ ಆಗ್ಲಿಲ್ಲ ಅಂತ 1990ರಲ್ಲಿ ಬರೆದ್ರು. 2021ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಎಲ್ರೂ ಒಪ್ಪಿದ್ರು ಅಂತಲ್ಲ. ಜಾರ್ಜ್ ಬೋರ್ಹಾಸ್ ಅನ್ನುವ ಇನ್ನೊಬ್ಬ ಅರ್ಥಶಾಸ್ತ್ರಜ್ಞ, ಅವರೇ ಸಣ್ಣವರಿದ್ದಾಗ ಕ್ಯೂಬಾದಿಂದ ಬಂದವರು, ಅದೇ ಲೆಕ್ಕ ಪುನಃ ತೆಗೆದು ಹೈಸ್ಕೂಲ್ ಮುಗಿಸದ ಗಂಡಸರ ಸಂಬಳ ಜೋರು ಇಳಿದಿತ್ತು ಅಂದ್ರು, ಅಷ್ಟು ಕಮ್ಮಿ ಜನರ ಲೆಕ್ಕ ಹಿಡಿದು ಹಾಗೆ ಹೇಳ್ಲಿಕ್ಕೆ ಆಗುದಿಲ್ಲ ಅಂತ ಬೇರೆಯವರು ತಕರಾರು ತೆಗೆದ್ರು.

ಆದ್ರೆ ನಮ್ಮ ಊರಿಗೆ ಸರಿಯಾಗಿ ತಾಗುದು ಇನ್ನೊಂದು ಅಧ್ಯಯನ. ಒಟ್ಟಾವಿಯಾನೊ ಮತ್ತು ಪೆರಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ್ದು, 1990ರಿಂದ 2006ರವರೆಗಿನ ಅಮೆರಿಕದ ಲೆಕ್ಕ. ಹೊಸಬರು ಬಂದದ್ದರಿಂದ ಅಲ್ಲೇ ಹುಟ್ಟಿದವರ ಸರಾಸರಿ ಸಂಬಳ ಚೂರು ಏರಿತ್ತು, ಆ ಹೊಸಬರಿಗಿಂತ ಮೊದ್ಲು ವಲಸೆ ಬಂದವರ ಸಂಬಳಕ್ಕೆ ಮಾತ್ರ ಶೇ. 6.7ರಷ್ಟು ಪೆಟ್ಟು ಬಿದ್ದಿತ್ತು. ಯಾಕಂದ್ರೆ ಹೊಸಬ ಮಾಡುವ ಕೆಲ್ಸವನ್ನೇ ಮಾಡ್ತಾ ಇದ್ದವ ಹಳೇ ವಲಸಿಗ.

ಇಲ್ಲಿ ಕೂಡ ನಾನು ಕಾಣುದು ಅದನ್ನೇ. ನಮ್ಮ ಕಂಪೌಂಡ್ ಕಟ್ಟಿದ್ದು ಗದಗ ಕಡೆಯ ಒಬ್ಬ ಮೇಸ್ತ್ರಿ, ಬಂದು ಎಷ್ಟೋ ವರ್ಷ ಆಯ್ತು, ತುಳು ನಮ್ಮಷ್ಟೇ ಚಂದ ಮಾತಾಡ್ತಾರೆ, ಮಕ್ಕಳು ಇಲ್ಲಿಯ ಶಾಲೆಗೇ ಹೋದದ್ದು. ನೂಲು ಕಟ್ಟಿ ಕಲ್ಲು ಇಡುವಾಗ ಕೈಯಲ್ಲೇ ತಟ್ಟಿ ಸದ್ದು ಕೇಳಿ ಒಳಗೆ ಪೊಳ್ಳು ಉಂಟಾ ಅಂತ ಹೇಳ್ತಿದ್ರು. ಈಗ ಅವರಿಗೆ ದೊಡ್ಡ ಕೆಲ್ಸ ಸಿಗುದು ಕಮ್ಮಿ. ಸಾರಣೆ, ಟೈಲ್ಸ್ ಎಲ್ಲ ಕಾಂಟ್ರಾಕ್ಟರ್ ಉತ್ತರದ ಹುಡುಗರ ಗುಂಪಿಗೆ ಸ್ಕ್ವೇರ್ ಫೀಟ್ ಲೆಕ್ಕದಲ್ಲಿ ಕೊಡ್ತಾನೆ, ಅವರು ಸೈಟಲ್ಲೇ ಶೀಟಿನ ಶೆಡ್ಡಲ್ಲಿ ಮಲಗಿ ಆದಿತ್ಯವಾರ ಕೂಡ ಮಾಡ್ತಾರೆ, ಮನೆ ಬಾಡಿಗೆ ಮಕ್ಕಳ ಫೀಸು ಇರುವ ಮನುಷ್ಯ ಆ ರೇಟಿಗೆ ಹೇಗೆ ಮಾಡುದು ಹೇಳಿ? ಆ ಹುಡುಗರ ಮೇಲೆ ನಂಗೆ ಎಂತ ಸಿಟ್ಟೂ ಇಲ್ಲ, ಅವರೂ ಹೊಟ್ಟೆಪಾಡಿಗೇ ಬಂದವರು.

ಮತ್ತೆ ಗಡಿ ಉಂಟಲ್ವಾ. ರಿಸರ್ವ್ ಬ್ಯಾಂಕಿನ 2022-23ರ ಲೆಕ್ಕದಲ್ಲಿ ಕೇರಳದ ಹಳ್ಳಿ ಕಡೆ ಕಟ್ಟಡ ಕೆಲ್ಸದ ದಿನಗೂಲಿ 850 ರೂಪಾಯಿ ದಾಟಿತ್ತು, ದೇಶದ ಸರಾಸರಿ 400 ಕೂಡ ಮುಟ್ಟಿರ್ಲಿಲ್ಲ. ಹಾಗಾಗಿ ಮೇಸ್ತ್ರಿ ಈಗ ಬೆಳಿಗ್ಗೆ ಬಸ್ಸು ಹಿಡಿದು ಮಂಜೇಶ್ವರ, ಉಪ್ಪಳಕ್ಕೆ ಹೋಗ್ತಾರೆ. 1956ರವರೆಗೆ ಅದೆಲ್ಲ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ ಆಗಿತ್ತು, ಅಲ್ಲೂ ಕನ್ನಡ ತುಳು ನಡಿತದೆ, ಕೆಲ್ಸ ಕೇಳ್ಲಿಕ್ಕೆ ಕಷ್ಟ ಇಲ್ಲ. ಕಷ್ಟ ಇರುದು ಕಾಗದದಲ್ಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಆಯಾ ರಾಜ್ಯದ್ದು ಬೇರೆ ಬೇರೆ, ಅದರ ಸೌಲಭ್ಯ ಸಿಗ್ಲಿಕ್ಕೆ ಬೇಕಾದ ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲ್ಸ ಮಾಡಿದ ದಾಖಲೆ ಬೇಕು. ಅರ್ಧ ವರ್ಷ ಆಚೆ, ಅರ್ಧ ವರ್ಷ ಈಚೆ ದುಡಿದವನಿಗೆ ಸೈನು ಹಾಕಿ ಕೊಡುವವರು ಯಾರು? ಊರಿನ ಹುಡುಗರ ಕೆಲ್ಸ ಹೋಯ್ತಾ ಅಂತ ಕೇಳುವವರು ತುಂಬ ಜನ ಇದ್ದಾರೆ, ನೀವು ಬರೆಯುವವರಾದ್ರೆ ಈ ಮೇಸ್ತ್ರಿಗಳ ಕಾರ್ಡಿನ ವಿಷ್ಯ ಕೇಳಿ ಬರೀರಿ, ಮಾತಾಡ್ಲಿಕ್ಕೆ ಜನರನ್ನು ನಾನು ತೋರಿಸ್ತೇನೆ.