ಚಳಿಗಿಂತ ಮೊದಲು ಕತ್ತಲೆಗೆ ಸಿದ್ಧರಾಗಿ

ತಂಗಿ, ಬರುವ ಜನವರಿಯಲ್ಲಿ ದಾವಣಗೆರೆಯಿಂದ ಕೆನಡಾದ ಎಡ್ಮಂಟನ್‌ಗೆ ಓದಲು ಹೊರಟಿರುವ ನೀವು, ಮೈನಸ್ 30 ಡಿಗ್ರಿ ಚಳಿಯನ್ನು ನಮ್ಮ ಕಡೆಯವರ ಮೈ ತಾಳೀತೇ, ಎಷ್ಟು ಸ್ವೆಟರ್ ತರಬೇಕು ಎಂದು ಕೇಳಿದ್ದೀರಿ. ಚಳ್ಳಕೆರೆ ಸೀಮೆಯ ಶೇಂಗಾ ಬೆಳೆಯುವ ಮನೆಯಿಂದ ಬಂದು ಇಲ್ಲಿ 14 ಚಳಿಗಾಲ ಕಳೆದವನಾಗಿ ಉತ್ತರಿಸುತ್ತಿದ್ದೇನೆ.

ಮೈ ತಾಳುತ್ತದೆ. ಸ್ವೆಟರ್ ಎರಡು ಸಾಕು. ದಪ್ಪ ಜಾಕೆಟ್ ಮತ್ತು ಬೂಟುಗಳನ್ನು ಇಲ್ಲಿಯೇ ಕೊಳ್ಳಿ. ಹತ್ತಿ ಬಟ್ಟೆ ಬೆವರು ಹೀರಿ ಮೈಯನ್ನು ತಣ್ಣಗಾಗಿಸುವುದರಿಂದ ಒಳಗೆ ಉಣ್ಣೆಯ ಇಲ್ಲವೇ ಥರ್ಮಲ್ ಬಟ್ಟೆ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್ ಇದ್ದರೆ ಚಿಂತೆಯಿಲ್ಲ. ಮನೆ, ಬಸ್ಸು, ತರಗತಿಗಳೆಲ್ಲ ಬೆಚ್ಚಗಿರುತ್ತವೆ.

ಆದರೆ ನೀವು ಕೇಳದೆ ಬಿಟ್ಟದ್ದು ಕತ್ತಲೆಯ ವಿಷಯ, ಮತ್ತು ನನ್ನನ್ನು ಮೊದಲ ವರ್ಷ ಕೆಡವಿದ್ದು ಅದೇ. ನಮ್ಮೂರುಗಳಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂಮುಕ್ಕಾಲು ಗಂಟೆ. ಇಲ್ಲಿ ಅದು ಒಂಬತ್ತೂವರೆ ಗಂಟೆ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 8:45ರ ಮೇಲೆ, ಮುಳುಗುವುದು 4:15ರ ಹೊತ್ತಿಗೆ. ನಡುಹಗಲಿನಲ್ಲೂ ಅವನು ದಿಗಂತದಿಂದ 13 ಡಿಗ್ರಿಗಿಂತ ಮೇಲೇರುವುದಿಲ್ಲ. ಆ ಮೊದಲ ಡಿಸೆಂಬರಿನ ಒಂದು ಮಧ್ಯಾಹ್ನ ಹೊಳೆಯ ದಂಡೆಯ ಹಿಮದ ಮೇಲೆ ನಿಂತು ನೋಡಿದರೆ, ನನ್ನ ನೆರಳು ನನಗಿಂತ ನಾಲ್ಕು ಪಟ್ಟು ಉದ್ದವಾಗಿ ನೀಲಿಗಟ್ಟಿ ಬಿದ್ದಿತ್ತು. ಏಪ್ರಿಲ್ ಕೊನೆಯಲ್ಲಿ ನೆರಳು ಕಾಲಡಿಗೆ ಸೇರಿಹೋಗುವ ಊರಿನಿಂದ ಬಂದವನಿಗೆ ಆಗ ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮರಳುತ್ತಿದ್ದ ಆ ವಾರಗಳಲ್ಲಿ ಅಡುಗೆ ಬಿಟ್ಟೆ, ಊರಿಗೆ ಫೋನ್ ಮಾಡುವುದನ್ನು ಬಿಟ್ಟೆ, ರಜೆಯ ದಿನವೆಲ್ಲ ಮಲಗಿದೆ. ಇದೆಲ್ಲ ನನ್ನ ಸೋಮಾರಿತನವೆಂದೇ ತಿಳಿದು ನನ್ನನ್ನೇ ಬೈದುಕೊಂಡೆ. ಹಗಲು ಕುಗ್ಗಿದಾಗ ಮನಸ್ಸೂ ಕುಗ್ಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಿಮಗೆ ಈಗಲೇ ಹೇಳುತ್ತಿರುವುದು ಅದಕ್ಕಾಗಿ.

ನೀವು ಬರುವ ಹೊತ್ತಿಗೆ ಹಗಲು ಹಿಗ್ಗತೊಡಗಿರುತ್ತದೆ, ಫೆಬ್ರವರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ನಿಮಿಷದಂತೆ. ಹಾಗಾಗಿ ಮೊದಲ ಚಳಿಗಾಲವನ್ನು ಸುಲಭವಾಗಿ ದಾಟಿಬಿಟ್ಟೆ ಎಂದುಕೊಳ್ಳುವ ಸಂಭವ ಹೆಚ್ಚು. ನಿಜವಾದ ಪರೀಕ್ಷೆ ಮುಂದಿನ ನವೆಂಬರಿನಲ್ಲಿದೆ. ಆಗ ಎಷ್ಟೇ ಓದಿದ್ದರೂ ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಿರಿ, ಕಿಟಕಿಯ ಪಕ್ಕದಲ್ಲೇ ಕುಳಿತು ಓದಿರಿ. ಈ ಅಕ್ಷಾಂಶದ ಚಳಿಗಾಲದ ಬಿಸಿಲಿನಿಂದ ಚರ್ಮದಲ್ಲಿ ಡಿ ವಿಟಮಿನ್ ಉತ್ಪತ್ತಿಯಾಗುವುದಿಲ್ಲ, ಅದರಲ್ಲೂ ನಮ್ಮಂಥ ಕಂದು ಚರ್ಮದವರು ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಎರಡು ವಾರ ಮೀರಿ ಮಂಕು ಕವಿದಿದ್ದರೆ ಅದನ್ನೂ ಅವರಿಗೆ ಹೇಳಿ, ಸಂಕೋಚ ಬೇಡ.

ಇನ್ನೊಂದು ಮಾತು. ಊರಿನಲ್ಲಿ ನಮಗೆ ಕಾಲವನ್ನು ಹೇಳುತ್ತಿದ್ದದ್ದು ಮಳೆ: ಭರಣಿ, ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು. ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಚಳಿಗಾಲ ಬಂತೆಂದು ಅರ್ಥ. ಇಲ್ಲಿ ಆ ಎಣ್ಣೆ ಹೆಚ್ಚುಕಡಿಮೆ ವರ್ಷವಿಡೀ ಗಟ್ಟಿಯಾಗಿಯೇ ಇರುತ್ತದೆ, ಹಳೆಯ ಗುರುತುಗಳು ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಕಾಲವನ್ನು ಹೇಳುವುದು ಬೆಳಕು. ಸೆಪ್ಟೆಂಬರಿನಲ್ಲಿ ಆಸ್ಪೆನ್ ಮರಗಳು ಹೊಳೆಯ ಉದ್ದಕ್ಕೂ ಅರಿಸಿನ ಚೆಲ್ಲಿದಂತೆ ಹಳದಿಯಾದಾಗ, ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಮಕ್ಕಳು ಬಯಲಲ್ಲಿ ಆಡುತ್ತಿರುವಾಗ ಹೊರಗೆ ಹೋಗಿ ನೋಡಿ. ಆ ನೋಟವನ್ನು ಕೂಡಿಟ್ಟುಕೊಂಡವರಿಗೆ ನವೆಂಬರ್ ಅಷ್ಟು ಭಾರವಾಗುವುದಿಲ್ಲ.

ನಮ್ಮ ತಂದೆ ಮೊದಲೆಲ್ಲ ಫೋನಿನಲ್ಲಿ "ಅಲ್ಲಿ ಮಳೆ ಹೆಂಗೈತಪ್ಪ?" ಎಂದೇ ಮಾತು ಶುರು ಮಾಡುತ್ತಿದ್ದರು. ಈಗ ಕೆಲವು ವರ್ಷಗಳಿಂದ ದೀಪಾವಳಿ ಕಳೆದ ಮೇಲೆ ಅವರ ಮೊದಲ ಪ್ರಶ್ನೆ ಬೇರೆ: "ಇವತ್ತು ಎಷ್ಟೊತ್ತಿಗೆ ಕತ್ತಲಾತು?"